ಗಂಟಿನ ಬಾವು ಇಳಿದರೂ ಸುಸ್ತು ಇಳಿಯುತ್ತಿಲ್ಲ, ಯಾಕೆ?

ಪ್ರಶ್ನೆ: ನನಗೆ 46 ವರ್ಷ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವಳು. ಆರು ವರ್ಷದಿಂದ ರುಮಟಾಯ್ಡ್ ಸಂಧಿವಾತ ಇದೆ. ಅದಕ್ಕೆ ಪ್ರತಿ ಭಾನುವಾರ ರಾತ್ರಿ ಮೆಥೋಟ್ರೆಕ್ಸೇಟ್ 15 ಮಿ.ಗ್ರಾಂ, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್, ನೋವು ಜಾಸ್ತಿಯಾದಾಗ ಒಂದು ನೋವಿನ ಮಾತ್ರೆ ತಗೊಳ್ಳುತ್ತೇನೆ. ಬೆರಳಿನ ಬಾವು ಇಳಿದಿದೆ, ರಕ್ತಪರೀಕ್ಷೆಯಲ್ಲಿ ಇಎಸ್ಆರ್ ಕಡಿಮೆಯಾಗಿದೆ, ಕಾಯಿಲೆ ಹತೋಟಿಯಲ್ಲಿದೆ ಅಂತ ಡಾಕ್ಟ್ರು ಹೇಳುತ್ತಾರೆ. ಆದರೆ ಸುಸ್ತು ಮಾತ್ರ ಬಿಡುತ್ತಿಲ್ಲ. ಕೊಟ್ಟಿಗೆ ಕೆಲಸ, ತಿಂಡಿ ಮುಗಿಯುವ ಹೊತ್ತಿಗೆ ಗೋಡೆಗೆ ಒರಗಿ ಕೂರುವ ಹಾಗಾಗುತ್ತದೆ. ಐದಾರು ಸಲ ಕಾಫಿ ಕುಡಿದು ದಿನ ತಳ್ಳುತ್ತೇನೆ. ಸೋಮವಾರವಂತೂ ಕೇಳಲೇಬೇಡಿ. ಒಂದು ದಿನ ಮೈ ಹಗುರ ಇದ್ದರೆ ಬಾಕಿ ಕೆಲಸವೆಲ್ಲ ಮುಗಿಸಿಬಿಡುತ್ತೇನೆ, ಆಮೇಲೆ ಎರಡು ದಿನ ಏಳೋಕೆ ಆಗಲ್ಲ. "ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಅಂತಾರೆ ನಮ್ಮ ಮನೆಯವರು. ತವರು ಸಾಗರದ ಕಡೆ, ಹಾಗಾಗಿ ಇದು ಹಂದಿಗೋಡು ಕಾಯಿಲೆ ಇರಬಹುದಾ ಅಂತ ಒಬ್ಬರು ಹೆದರಿಸಿಯೂ ಬಿಟ್ಟರು. ಶಕ್ತಿ ಬರೋಕೆ ಏನಾದರೂ ಟಾನಿಕ್ ಇದೆಯಾ? ನಾನು ಮಲಗಬೇಕಾ, ನಡೆಯಬೇಕಾ? ಮೇ ತಿಂಗಳಲ್ಲಿ ಮಗಳ ಮದುವೆ ಬೇರೆ ಇದೆ.

ಉತ್ತರ: ಟಾನಿಕ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಸುಸ್ತಿಗೆ ಅಂತ ಯಾವ ಟಾನಿಕ್ಕೂ ಇಲ್ಲ. ಮೈಯಲ್ಲಿ ಇಂಥದ್ದೇ ಕೊರತೆ ಇದೆ ಎಂದು ಗೊತ್ತಾದರೆ ಅದನ್ನು ತುಂಬಬಹುದು. ಗೊತ್ತಿಲ್ಲದೆ ಬಾಟಲಿ ಮೇಲೆ ಬಾಟಲಿ ಖಾಲಿ ಮಾಡಿದರೆ ದುಡ್ಡು ಹೋಗುತ್ತದೆ, ಸುಸ್ತು ಇದ್ದಲ್ಲೇ ಇರುತ್ತದೆ.

ಹಂದಿಗೋಡಿನ ಭಯವನ್ನೂ ಇಲ್ಲೇ ಬಿಡಿ. ಸಾಗರದ ಹತ್ತಿರದ ಆ ಊರಿನಲ್ಲಿ 1970ರ ದಶಕದ ಮಧ್ಯದಲ್ಲಿ ಗಮನಕ್ಕೆ ಬಂದ ಕಾಯಿಲೆ ವಂಶದಲ್ಲಿ ಇಳಿದು ಬರುವಂಥದ್ದು, ಕೆಲವೇ ಕುಟುಂಬಗಳಲ್ಲಿ ಇರುವಂಥದ್ದು. ಅದರಲ್ಲಿ ಮುಖ್ಯವಾಗಿ ಸೊಂಟದ ಕೀಲು ಹಾಳಾಗುತ್ತದೆ, ಕೆಲವರಲ್ಲಿ ಮೈಯ ಬೆಳವಣಿಗೆಯೇ ಕುಂಠಿತವಾಗುತ್ತದೆ. ನಿಮ್ಮದು ನಲವತ್ತರ ವಯಸ್ಸಿನಲ್ಲಿ ಬಂದ, ಬೆರಳು ಬಾತುಕೊಳ್ಳುವ ಉರಿಯೂತದ ಕಾಯಿಲೆ. ಎರಡಕ್ಕೂ ನಂಟಿಲ್ಲ.

ಇನ್ನು ಸುಸ್ತಿಗೆ ಬರೋಣ. ನೀವು ಬರೆದಿರುವುದನ್ನು ಸಂಧಿವಾತದವರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ನೋವನ್ನು ಹೇಗೋ ಸಹಿಸಬಹುದು ಡಾಕ್ಟ್ರೇ, ಈ ಸುಸ್ತನ್ನು ಸಹಿಸೋಕಾಗಲ್ಲ ಅನ್ನುವವರೂ ಇದ್ದಾರೆ. ಆದರೂ ಇದು ವೈದ್ಯರ ಕಿವಿಗೆ ಬೀಳೋದು ತಡ. ಅದಕ್ಕೆ ಕಾರಣ ನಮ್ಮ ಲೆಕ್ಕ ಹಾಕುವ ರೀತಿಯಲ್ಲೇ ಇದೆ. ಕಾಯಿಲೆ ಎಷ್ಟು ಚುರುಕಾಗಿದೆ ಎಂದು ನೋಡಲು ನಾವು 28 ಗಂಟುಗಳನ್ನು ಒತ್ತಿ ನೋಡುತ್ತೇವೆ. ಎಷ್ಟು ಬಾತಿವೆ, ಎಷ್ಟು ನೋಯುತ್ತವೆ ಎಂದು ಎಣಿಸಿ, ಅದಕ್ಕೆ ಉರಿಯೂತ ಎಷ್ಟಿದೆ ಎಂದು ತೋರಿಸುವ ಇಎಸ್ಆರ್ ಅಥವಾ ಸಿಆರ್‌ಪಿ ಎಂಬ ರಕ್ತಪರೀಕ್ಷೆಯ ಅಂಕಿ ಸೇರಿಸಿ, ಒಟ್ಟಾರೆ ಹೇಗಿದ್ದೀರಿ ಎಂದು ಒಂದು ಮಾತು ಕೇಳಿ ಅಂಕ ಹಾಕುತ್ತೇವೆ. ಸುಸ್ತಿಗೆ ಅಂತ ಅದರಲ್ಲಿ ಬೇರೆ ಜಾಗವೇ ಇಲ್ಲ. 2002ರಲ್ಲಿ, ಸಂಧಿವಾತದ ಚಿಕಿತ್ಸೆಯ ಫಲವನ್ನು ಹೇಗೆ ಅಳೆಯಬೇಕು ಎಂದು ಚರ್ಚಿಸುವ ಒಮೆರ್ಯಾಕ್ಟ್ ಎಂಬ ಅಂತರರಾಷ್ಟ್ರೀಯ ಸಭೆಗೆ ರೋಗಿಗಳನ್ನೂ ಕರೆದು ಕೂರಿಸಿಕೊಂಡರು. ಅವರು ಎತ್ತಿದ ದೊಡ್ಡ ದೂರುಗಳಲ್ಲಿ ಇದೂ ಒಂದು. ಅದಾದ ಕೆಲವು ವರ್ಷಗಳ ಮೇಲೆ, ಸಂಧಿವಾತದ ಔಷಧ ಪರೀಕ್ಷೆ ಮಾಡುವಾಗ ಸುಸ್ತನ್ನೂ ಅಳೆಯಬೇಕು ಎಂಬ ಒಪ್ಪಂದಕ್ಕೆ ಬಂದರು. ಇಷ್ಟು ತಡವಾಗಿ ಕಣ್ಣು ತೆರೆದವರು ನಾವು. ಹಾಗಾಗಿ ಮನೆಯವರ ಮೇಲೆ ನೀವು ಜಾಸ್ತಿ ಸಿಟ್ಟು ಮಾಡಿಕೊಳ್ಳಬೇಡಿ!

ಈ ಸುಸ್ತು ಎಲ್ಲಿಂದ ಬರುತ್ತದೆ? ಜೋರು ಜ್ವರ ಬಂದಾಗ ಹೇಗಿರುತ್ತದೆ ನೆನಪು ಮಾಡಿಕೊಳ್ಳಿ. ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲ, ಊಟ ಬೇಡ, ಯಾರ ಜೊತೆಗೂ ಮಾತು ಬೇಡ. ಅದು ಜ್ವರದ ಕ್ರಿಮಿ ನೇರವಾಗಿ ಮಾಡುವ ಕೆಲಸವಲ್ಲ. ಕ್ರಿಮಿಯ ಜೊತೆ ಹೋರಾಡಲು ನಮ್ಮ ಮೈಯೇ ಬಿಡುವ ಟಿಎನ್ಎಫ್, ಇಂಟರ್‌ಲ್ಯೂಕಿನ್ ಎಂಬ ರಾಸಾಯನಿಕಗಳು ಮೆದುಳಿಗೆ ಹೋಗಿ "ಈಗ ಮಲಗು, ಶಕ್ತಿ ಉಳಿಸು" ಎನ್ನುತ್ತವೆ. ಜ್ವರ ನಾಲ್ಕು ದಿನಕ್ಕೆ ಬಿಡುತ್ತದೆ, ಆ ಮಾತೂ ನಿಲ್ಲುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ, ಮೈಯ ರಕ್ಷಣಾ ಪಡೆ ಮೈಮೇಲೇ ತಿರುಗಿಬೀಳುವ ಲೂಪಸ್‌ನಲ್ಲಿ, ಬೆನ್ನುಮೂಳೆ ಬಿಗಿಯುವ ಸ್ಪಾಂಡಿಲೈಟಿಸ್‌ನಲ್ಲಿ ಇದೇ ರಾಸಾಯನಿಕಗಳು ವರ್ಷಗಟ್ಟಲೆ ಸಣ್ಣಗೆ ಹರಿಯುತ್ತಿರುತ್ತವೆ. ನೀವು ಸೋಂಬೇರಿಯಾಗಿಲ್ಲ, ನಿಮ್ಮ ಮೈ ಜ್ವರದ ಲೆಕ್ಕದಲ್ಲಿ ನಡೆಯುತ್ತಿದೆ.

ಹಾಗಾದರೆ ಉರಿಯೂತ ಇಳಿದ ಮೇಲೆ ಸುಸ್ತೂ ಇಳಿಯಬೇಕಲ್ವಾ? ಸ್ವಲ್ಪ ಇಳಿಯುತ್ತದೆ, ಪೂರ್ತಿ ಇಳಿಯುವುದು ಅಪರೂಪ. ಉರಿಯೂತವನ್ನು ತಡೆಯುವ ದುಬಾರಿ ಬಯಾಲಾಜಿಕ್ ಇಂಜೆಕ್ಷನ್ ತಗೊಂಡವರಲ್ಲೂ ಗಂಟು ಸುಧಾರಿಸಿದಷ್ಟು ಸುಸ್ತು ಸುಧಾರಿಸುವುದಿಲ್ಲ. ಉರಿಯೂತದ ಜೊತೆಗೆ ಬೇರೆ ನಾಲ್ಕಾರು ಕಾರಣಗಳು ಬಂದು ಸೇರಿಕೊಂಡಿರುತ್ತವೆ. ಅದಕ್ಕೇ ನಾನು ಹೇಳುವುದಿಷ್ಟು: ಸುಸ್ತು ಕಾಯಿಲೆಯದೇ ಭಾಗ, ನಿಜ. ಆದರೆ "ಎಲ್ಲ ವಾತದಿಂದಲೇ" ಎಂದು ಕೈಚೆಲ್ಲಿ ಕೂರಬಾರದು. ಸರಿಪಡಿಸಲು ಆಗುವ ಕಾರಣ ಇದೆಯಾ ಎಂದು ಹುಡುಕಬೇಕು. ಉಳಿದದ್ದಕ್ಕೆ ದಿನಚರಿ ಬದಲಿಸಿಕೊಳ್ಳಬೇಕು. ಮೊದಲನೆಯದು ವೈದ್ಯರ ಕೆಲಸ, ಎರಡನೆಯದು ನಿಮ್ಮದು.

ವೈದ್ಯರ ಕೆಲಸದಲ್ಲಿ ಮೊದಲು ಕಾಯಿಲೆ ನಿಜಕ್ಕೂ ಹತೋಟಿಯಲ್ಲಿದೆಯೇ ಎಂದು ನೋಡುವುದು. ಇಎಸ್ಆರ್ ಸರಿ ಇದ್ದರೂ ಒಳಗೊಳಗೇ ಉರಿಯೂತ ಇರುವುದುಂಟು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಎಷ್ಟು ಹೊತ್ತು ಬೇಕಾಗುತ್ತದೆ? ಕಾಫಿ ಲೋಟ ಹಿಡಿಯುವಷ್ಟರಲ್ಲಿ ಸಡಿಲವಾದರೆ ಸರಿ. ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಗಿತವಿದ್ದರೆ ಅದನ್ನು ಹೇಳಿ. ಪಾದವನ್ನೂ ತೋರಿಸಿ. ಮೇಲೆ ಹೇಳಿದ 28ರಲ್ಲಿ ಪಾದದ ಗಂಟುಗಳು ಸೇರಿಲ್ಲ. ಕೈ ನೋಡಿ "ಚೆನ್ನಾಗಿದೆ" ಎಂದು ಕಳಿಸಿದವರ ಕಾಲ್ಬೆರಳ ಬುಡ ಬಾತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಂಗಳದಲ್ಲಿ ಬರಿಗಾಲಲ್ಲಿ ನಡೆದಾಗ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ ಚುಚ್ಚುತ್ತದೆಯಾ? ಹಾಗಿದ್ದರೆ ಚಪ್ಪಲಿ ಬಿಚ್ಚಿಸಿ ನೋಡಲು ನೀವೇ ಹೇಳಬೇಕು.

ಎರಡನೆಯದು ರಕ್ತ. ನಿಮ್ಮ ಪತ್ರದಲ್ಲಿ ಹಿಮೋಗ್ಲೋಬಿನ್ ಎಷ್ಟು ಎಂದು ಬರೆದಿಲ್ಲ, ನನಗೆ ಅನುಮಾನ ಇರುವುದೇ ಅಲ್ಲಿ. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಸಂಧಿವಾತದವರಿಗೆ ಇದು ಎರಡು ದಾರಿಯಲ್ಲಿ ಬರುತ್ತದೆ. ಉರಿಯೂತ ಇದ್ದಾಗ ಮೈಯಲ್ಲಿ ಕಬ್ಬಿಣ ಇದ್ದರೂ ರಕ್ತ ತಯಾರಿಗೆ ಸಿಗುವುದಿಲ್ಲ. ಇನ್ನೊಂದು, ಕಬ್ಬಿಣವೇ ಕಡಿಮೆ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಮುಂಚೆ ಸ್ರಾವ ಜಾಸ್ತಿಯಾಗುವುದುಂಟು. ನೋವಿನ ಮಾತ್ರೆ ಹೊಟ್ಟೆಯೊಳಗೆ ಹುಣ್ಣು ಮಾಡಿ ನಿಮಗೆ ಗೊತ್ತಾಗದ ಹಾಗೆ ರಕ್ತ ಸೋರಿಸುವುದೂ ಉಂಟು. ಮಲ ಡಾಂಬರಿನ ಹಾಗೆ ಕಪ್ಪಾಗಿ ಹೋದರೆ ಅವತ್ತೇ ವೈದ್ಯರನ್ನು ನೋಡಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಹಾಗಾಗಿ ಏನೇನು ತಗೊಳ್ಳುತ್ತಿದ್ದೀರಿ ಎಂದು ಹೇಳುವುದು ಮುಖ್ಯ.

ಕಬ್ಬಿಣದ ದಾಸ್ತಾನು ನೋಡಲು ಫೆರಿಟಿನ್ ಪರೀಕ್ಷೆ ಇದೆ. ಉರಿಯೂತ ಇದ್ದಾಗ ಅದರ ಅಂಕಿ ಸುಮ್ಮನೆ ಏರಿ ಕೂತಿರುತ್ತದೆ. ಬೇರೆಯವರಿಗೆ 50 ಅಂದರೆ ಪರವಾಗಿಲ್ಲ ಅನ್ನಬಹುದು, ನಿಮ್ಮಂಥವರಲ್ಲಿ 100ರೊಳಗೆ ಇದ್ದರೂ ಕೊರತೆ ಇರಬಹುದು. ಲ್ಯಾಬಿನ ಚೀಟಿಯಲ್ಲಿ "ನಾರ್ಮಲ್" ಎಂದು ಇದೆ ಅಂತ ಅಲ್ಲಿಗೇ ಬಿಡಬೇಡಿ, ನೋಡಿಕೊಳ್ಳುವ ವೈದ್ಯರಿಗೆ ತೋರಿಸಿ. ಕಬ್ಬಿಣದ ಮಾತ್ರೆ ಕೊಟ್ಟರೆ ಅದನ್ನು ಕಾಫಿ ಜೊತೆ ನುಂಗಬೇಡಿ. ನಮ್ಮ ಕಡೆ ಈ ಮಾತು ಹೇಳಲೇಬೇಕು, ಯಾಕೆಂದರೆ ಇಲ್ಲಿ ಮಾತ್ರೆ ನುಂಗುವುದೇ ಕಾಫಿ ಹೊತ್ತಿಗೆ. ಕಾಫಿ, ಚಹಾ ಎರಡೂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮಾತ್ರೆಗೂ ಕಾಫಿಗೂ ನಡುವೆ ಎರಡು ಗಂಟೆ ಬಿಡಿ, ನಿಂಬೆ ಶರಬತ್ತಿನ ಜೊತೆ ತಗೊಂಡರೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆ ಸೇರಿಸಬೇಡಿ.

ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮೈಯ ರಕ್ಷಣಾ ಪಡೆ ಗಂಟಿನ ಮೇಲೆ ತಿರುಗಿಬಿದ್ದವರಲ್ಲಿ ಥೈರಾಯ್ಡ್ ಮೇಲೂ ತಿರುಗಿಬೀಳುವುದು ಸಾಮಾನ್ಯ. ಸಸ್ಯಾಹಾರಿಗಳಾಗಿದ್ದರೆ ಬಿ12 ನೋಡಿಸಿ. ಸಕ್ಕರೆ, ಲಿವರ್, ಕಿಡ್ನಿ, ವಿಟಮಿನ್ ಡಿ ಕೂಡ. ಯಾವುದಕ್ಕೂ ಬೆಂಗಳೂರಿಗೆ ಹೋಗಬೇಕಿಲ್ಲ, ಶಿವಮೊಗ್ಗದಲ್ಲೇ ಎಲ್ಲ ಆಗುತ್ತದೆ. ಕಣ್ಣು, ಬಾಯಿ ಸದಾ ಒಣಗುತ್ತಿದ್ದರೆ, ರೊಟ್ಟಿ ನುಂಗಲು ನೀರು ಬೇಕಾಗುತ್ತಿದ್ದರೆ ಅದನ್ನೂ ಹೇಳಿ. ಸಂಧಿವಾತದ ಜೊತೆ ಬರುವ ಶೋಗ್ರೆನ್ಸ್ ಎಂಬ ತೊಂದರೆಯಲ್ಲಿ ಸುಸ್ತು ವಿಪರೀತ. ಅಂದ ಹಾಗೆ, ಹೈಡ್ರಾಕ್ಸಿಕ್ಲೋರೋಕ್ವಿನ್ ಶುರುವಾಗಿ ಐದು ವರ್ಷ ದಾಟಿದ್ದರೆ ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ ಪರೀಕ್ಷೆ ಆಗಬೇಕು. ಸುಸ್ತಿಗೆ ಸಂಬಂಧವಿಲ್ಲದ ಮಾತು, ಆದರೂ ನೆನಪಾದಾಗ ಹೇಳಿಬಿಡಬೇಕು.

ಈಗ ನಿಮ್ಮ ಸೋಮವಾರ. ಭಾನುವಾರ ರಾತ್ರಿ ಮೆಥೋಟ್ರೆಕ್ಸೇಟ್, ಸೋಮವಾರ ತಲೆ ಮಂಕು, ವಾಕರಿಕೆ, ಕೈಕಾಲು ಸೋತ ಹಾಗೆ. ಇದು ಆ ಮಾತ್ರೆಯದೇ ಕೆಲಸ, ತುಂಬಾ ಜನ ಹೇಳುತ್ತಾರೆ. ಪತ್ರದಲ್ಲಿ ಫೋಲಿಕ್ ಆಸಿಡ್ ಹೆಸರಿಲ್ಲ. ಬರೆಯಲು ಮರೆತಿದ್ದರೆ ಸರಿ, ತಗೊಳ್ಳುತ್ತಲೇ ಇಲ್ಲ ಅಂದರೆ ಈ ವಾರವೇ ನಿಮ್ಮ ವೈದ್ಯರನ್ನು ಕೇಳಿ. ಮೆಥೋಟ್ರೆಕ್ಸೇಟ್ ಇಲ್ಲದ ದಿನ ಕೊಡುವ ಆ ಚಿಕ್ಕ ಮಾತ್ರೆ ಅಡ್ಡಪರಿಣಾಮವನ್ನು ಬಹಳಷ್ಟು ತಗ್ಗಿಸುತ್ತದೆ. ಅದೂ ಸಾಲದಿದ್ದರೆ ಒಂದೇ ದಿನದಲ್ಲಿ ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಮಾಡಬಹುದು, ಇಲ್ಲವೇ ಚರ್ಮದಡಿ ಹಾಕುವ ಇಂಜೆಕ್ಷನ್‌ಗೆ ಬದಲಿಸಬಹುದು. ಕೆಲವರಿಗೆ ದಿನ ಬದಲಿಸಿದರೂ ಸಾಕು. ನಿಮ್ಮಲ್ಲಿ ವಾರದ ಯಾವ ದಿನ ಆಳು ಬರುವುದಿಲ್ಲ, ಯಾವ ದಿನ ಮಕ್ಕಳು ಮನೆಯಲ್ಲಿ ಇರುತ್ತಾರೆ ನೋಡಿ, ಅದರ ಹಿಂದಿನ ರಾತ್ರಿಗೆ ಮಾತ್ರೆ ಇಟ್ಟುಕೊಳ್ಳಿ. ಕಾಫಿಪ್ರಿಯರಿಗೆ ಒಂದು ಸಮಾಧಾನ: ಮೆಥೋಟ್ರೆಕ್ಸೇಟ್ ಒಗ್ಗದವರಿಗೆ ಮಾತ್ರೆಯ ಹೊತ್ತಿಗೆ ಕಾಫಿ ಅಥವಾ ಡಾರ್ಕ್ ಚಾಕೊಲೇಟ್ ಕೊಟ್ಟು ನೋಡಿದ ದೆಹಲಿಯ ವೈದ್ಯರು, ಅರ್ಧಕ್ಕಿಂತ ಹೆಚ್ಚು ಜನರಿಗೆ ವಾಕರಿಕೆ ಕಡಿಮೆಯಾಯಿತು ಎಂದು 2017ರಲ್ಲಿ ವರದಿ ಮಾಡಿದ್ದಾರೆ. ಬಲವಾದ ಪುರಾವೆ ಎನ್ನಲಾರೆ, ಆದರೆ ಒಂದು ಲೋಟ ಕಾಫಿ ಕುಡಿದು ನೋಡಲು ಅಡ್ಡಿಯೇನಿಲ್ಲ. ಸುಸ್ತಾಯಿತೆಂದು ನೀವಾಗಿಯೇ ಮಾತ್ರೆ ಬಿಡಬೇಡಿ. ಬೇಗ ಗುಣವಾಗಲಿ ಎಂದು ವಾರದ ಮಾತ್ರೆಯನ್ನು ದಿನಾ ತಗೊಳ್ಳುವುದಂತೂ ಜೀವಕ್ಕೇ ಅಪಾಯ.

ಇಲ್ಲೇ ಇನ್ನೊಂದು ಮಾತು. ಗಂಟುನೋವಿಗೆ ಹೆಸರಿಲ್ಲದ ಪುಡಿ, ಪೊಟ್ಟಣ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಎರಡೇ ದಿನಕ್ಕೆ ಮೈ ಹಗುರವಾಗಿ, ಹಸಿವು ಹೆಚ್ಚಿ, ಮುಖ ದುಂಡಗಾಗುತ್ತಾ ಬಂದರೆ ಅದರಲ್ಲಿ ಸ್ಟಿರಾಯ್ಡ್ ಇರುವ ಸಾಧ್ಯತೆ ಜಾಸ್ತಿ. ತಿಂಗಳುಗಟ್ಟಲೆ ತಿಂದವರ ಮೈ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಬಿಟ್ಟುಬಿಡುತ್ತದೆ. ಆಮೇಲೆ ಒಮ್ಮೆಲೇ ನಿಲ್ಲಿಸಿದರೆ ವಿಪರೀತ ಸುಸ್ತು, ವಾಂತಿ, ತಲೆಸುತ್ತು, ಬಿಪಿ ಕುಸಿತ. ನೀವು ಅಂಥದ್ದನ್ನು ತಿಂದಿದ್ದರೆ ಮುಚ್ಚಿಡಬೇಡಿ. ವೈದ್ಯರು ಬೈದರೆ ಬೈಯಲಿ, ಹೇಳಿಬಿಡಿ.

ಇಷ್ಟೆಲ್ಲ ನೋಡಿದ ಮೇಲೂ ಒಂದಷ್ಟು ಸುಸ್ತು ಉಳಿದೇ ಉಳಿಯುತ್ತದೆ. ಅದರ ಬೀಗದ ಕೈ ನಿಮ್ಮ ಪತ್ರದ ಒಂದೇ ವಾಕ್ಯದಲ್ಲಿದೆ: "ಮೈ ಹಗುರ ಇದ್ದರೆ ಬಾಕಿ ಕೆಲಸವೆಲ್ಲ ಮುಗಿಸಿಬಿಡುತ್ತೇನೆ." ಒಳ್ಳೆಯ ದಿನ ಏನಾಗುತ್ತದೆ ನೋಡಿ. ಬೆಳಿಗ್ಗೆ ಐದೂವರೆಗೆ ಕೊಟ್ಟಿಗೆ. ಹಾಲು ಕರೆದು, ಸಗಣಿ ಬಾಚಿ, ಹುಲ್ಲು ಹಾಕಿ ಒಳಗೆ ಬಂದರೆ ದೋಸೆ. ತಿಂಡಿ ಆಗುತ್ತಿದ್ದಂತೆ ಹಂಡೆ ತಿಕ್ಕಿ, ನಾಲ್ಕು ದಿನದ ಬಟ್ಟೆ ನೆನೆಸಿ ಒಗೆದು ಹಿಂಡುವುದು. ಹಿಂಡುವಾಗ ಮಣಿಕಟ್ಟಿಗೆ ಬೀಳುವ ತಿರುಚು ನಿಮಗೇ ಗೊತ್ತು. ಆಮೇಲೆ ಕಾಯಿ ತುರಿದು ಅಡುಗೆ. ಮಧ್ಯಾಹ್ನ "ಇವತ್ತು ಹೇಗೂ ಚೆನ್ನಾಗಿದ್ದೀನಿ" ಎಂದು ಅಟ್ಟ ಗುಡಿಸಲು ಹತ್ತುವುದು. ಸಂಜೆ ಮತ್ತೆ ಕೊಟ್ಟಿಗೆ. ಅಡಿಕೆ ಸುಲಿಯುವ ಕಾಲವಾದರೆ ರಾತ್ರಿ ಮೆಟ್ಟುಗತ್ತಿ ಮುಂದೆಯೂ ಕೂರುತ್ತೀರಿ. ಮರುದಿನ ಮೈ ಏಳುವುದಿಲ್ಲ. ಎರಡು ದಿನ ಮಲಗುತ್ತೀರಿ, ಕೆಲಸ ರಾಶಿ ಬೀಳುತ್ತದೆ, ಮೂರನೇ ದಿನ ಆ ರಾಶಿ ಕರಗಿಸಲು ಮತ್ತೆ ಹೊರಡುತ್ತೀರಿ. ಹೀಗೆ ವರ್ಷ ಕಳೆದರೆ ಒಳ್ಳೆಯ ದಿನಗಳು ಕಡಿಮೆಯಾಗುತ್ತಾ ಹೋಗುತ್ತವೆ, ಮಲಗಿ ಮಲಗಿ ಮಾಂಸಖಂಡ ಸೊರಗುತ್ತದೆ, ಸೊರಗಿದ ಮಾಂಸಖಂಡಕ್ಕೆ ಸಣ್ಣ ಕೆಲಸವೂ ಭಾರ.

ಮೊದಲು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಉದ್ದುದ್ದ ಬೇಡ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಸುಸ್ತಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ, ಪಕ್ಕದಲ್ಲಿ ಏನು ಮಾಡಿದಿರಿ ಎಂದು ಎರಡು ಪದ, ರಾತ್ರಿ ನಿದ್ದೆ ಹೇಗಿತ್ತು ಎಂದು ಒಂದು ಪದ. ಬರೆದು ನೋಡಿದಾಗ ಒಂದು ಲಯ ಕಾಣುತ್ತದೆ. ತುಂಬಾ ಜನರಿಗೆ ಅಚ್ಚರಿಯಾಗುವುದು, ತಾವು ಭಾರ ಅಂದುಕೊಂಡ ಕೆಲಸ ಅಷ್ಟು ಬಾಧಿಸುವುದಿಲ್ಲ, ಲೆಕ್ಕಕ್ಕೇ ಇಲ್ಲದ ಕೆಲಸ ಹಿಂಡುತ್ತಿರುತ್ತದೆ. ನಿಂತೇ ದೋಸೆ ಹುಯ್ಯುವ ಮುಕ್ಕಾಲು ಗಂಟೆ ಅಂಥದ್ದು.

ಆಮೇಲೆ ಕೆಟ್ಟ ದಿನದಲ್ಲೂ ನೀವು ಎಷ್ಟು ಹೊತ್ತು ಕೆಲಸ ಮಾಡಬಲ್ಲಿರಿ ನೋಡಿ. ಇಪ್ಪತ್ತು ನಿಮಿಷ ಅಂದುಕೊಳ್ಳೋಣ. ಅದೇ ನಿಮ್ಮ ಅಳತೆ. ಒಳ್ಳೆಯ ದಿನವೂ ಇಪ್ಪತ್ತು ನಿಮಿಷಕ್ಕೆ ಒಮ್ಮೆ ಹತ್ತು ನಿಮಿಷ ಕೂರಬೇಕು. ಸುಸ್ತಾದ ಮೇಲೆ ಕೂರುವುದಲ್ಲ, ಗಡಿಯಾರ ನೋಡಿ ಕೂರುವುದು. ಇದು ಹೇಳಿದಷ್ಟು ಸುಲಭವಿಲ್ಲ. ಇಡೀ ಚಿಕಿತ್ಸೆಯಲ್ಲಿ ಅತಿ ಕಷ್ಟದ ಭಾಗ ಇದೇ ಎನ್ನುವುದು ನನ್ನ ಅಭಿಪ್ರಾಯ, ಮಾತ್ರೆ ನುಂಗುವುದಕ್ಕಿಂತ ಕಷ್ಟ. ಅರ್ಧ ಗುಡಿಸಿದ ಅಂಗಳ ಬಿಟ್ಟು ಜಗಲಿಯಲ್ಲಿ ಕೂರಲು ನಮ್ಮ ಮಲೆನಾಡಿನ ಹೆಂಗಸರಿಗೆ ಮನಸ್ಸೇ ಒಪ್ಪುವುದಿಲ್ಲ. ಯಾರಾದರೂ ಬಂದು ನೋಡಿದರೆ ಏನಂದುಕೊಂಡಾರು ಎಂಬ ಸಂಕೋಚ ಬೇರೆ. ಮೊಬೈಲ್‌ನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಅದು ಕೂಗಿದಾಗ ಏಳುವ ಬದಲು ಕೂರುವುದು, ಅಷ್ಟೇ ವ್ಯತ್ಯಾಸ. ಎರಡು ಮೂರು ವಾರ ಇದೇ ಅಳತೆಯಲ್ಲಿ ನಿಂತರೆ ಪೂರ್ತಿ ನೆಲಕಚ್ಚುವ ದಿನಗಳು ಕಡಿಮೆಯಾಗುತ್ತವೆ. ಆಗ ಇಪ್ಪತ್ತನ್ನು ಇಪ್ಪತ್ತೈದು ಮಾಡಿ.

ಕೆಲಸವನ್ನೂ ಸ್ವಲ್ಪ ತಿರುಗಿಸಿ ಹಾಕಿ. ನಾಲ್ಕು ದಿನದ ಬಟ್ಟೆ ಒಂದೇ ದಿನ ಬೇಡ, ದಿನಾ ಸ್ವಲ್ಪ ಒಗೆಯಿರಿ. ಹಿಂಡುವ ಕೆಲಸ ಬೇರೆಯವರಿಗೆ ಬಿಡಿ. ದೋಸೆ ಒಲೆಯ ಮುಂದೆ ಎತ್ತರದ ಸ್ಟೂಲ್ ಇಟ್ಟುಕೊಳ್ಳಿ. ತುಂಬಿದ ಕೊಡ ಎತ್ತುವ ಬದಲು ಅರ್ಧ ಕೊಡ ಎರಡು ಸಲ. ಒಮ್ಮೆ ಕೂತಾಗ ಎರಡು ಮೂರು ಕಾಯಿ ತುರಿದು ಫ್ರಿಜ್‌ನಲ್ಲಿ ಇಡಬಹುದು. ಕೊಟ್ಟಿಗೆ ಕೆಲಸ ಬೆಳಗಿನ ಬಿಗಿತ ಬಿಟ್ಟ ಮೇಲೆ ಆಗುವುದಾದರೆ ಉತ್ತಮ, ಇಲ್ಲದಿದ್ದರೆ ಬೆಳಗಿನ ಹಾಲು ಯಜಮಾನರು ಕರೆಯಲಿ.

ಮಲಗಬೇಕಾ, ನಡೆಯಬೇಕಾ ಎಂದು ಕೇಳಿದ್ದೀರಿ. ನಡೆಯಬೇಕು. ಸುಸ್ತಾದವರಿಗೆ ವ್ಯಾಯಾಮ ಹೇಳುವುದು ಕ್ರೂರ ಅನಿಸಬಹುದು. ಆದರೆ ಸಂಧಿವಾತದ ಸುಸ್ತಿಗೆ ಪುರಾವೆ ಗಟ್ಟಿಯಾಗಿರುವ ಚಿಕಿತ್ಸೆಗಳಲ್ಲಿ ಇದು ಮುಂಚೂಣಿಯಲ್ಲಿದೆ. ಬ್ರಿಟನ್ನಿನಲ್ಲಿ 350ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಲಿಫ್ಟ್ ಎಂಬ ಅಧ್ಯಯನದಲ್ಲಿ ಕೆಲವರಿಗೆ ಅವರವರ ಮೈಗೆ ತಕ್ಕ ವ್ಯಾಯಾಮ ಹೇಳಿಕೊಟ್ಟರು, ಕೆಲವರಿಗೆ ಯೋಚನೆ ಮತ್ತು ಅಭ್ಯಾಸ ಬದಲಿಸಿಕೊಳ್ಳುವ ಆಪ್ತಸಮಾಲೋಚನೆ ಕೊಟ್ಟರು. ಎಲ್ಲ ಫೋನಿನಲ್ಲೇ. ಸುಮ್ಮನೆ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಈ ಎರಡೂ ಗುಂಪಿನವರ ಸುಸ್ತು ಕಡಿಮೆಯಾಯಿತು. ಯುರೋಪಿನ ಸಂಧಿವಾತ ತಜ್ಞರ ಸಂಘ ಯೂಲಾರ್ ಕೂಡ 2023ರ ತನ್ನ ಶಿಫಾರಸಿನಲ್ಲಿ ಇವೆರಡನ್ನೂ ಹೇಳುತ್ತದೆ. ಹೊಸನಗರದಿಂದ ಬಸ್ಸು ಹಿಡಿದು ಬರುವವರಿಗೆ ಫೋನಿನಲ್ಲಿ ಆಗುವ ಚಿಕಿತ್ಸೆ ಎಷ್ಟು ಅನುಕೂಲ ಅಲ್ವಾ? ನಮ್ಮಲ್ಲಿ ಅದಿನ್ನೂ ಬೇರೂರಬೇಕು.

ತೋಟದ ಕೆಲಸವೇ ವ್ಯಾಯಾಮ ಅಲ್ವಾ ಎಂದು ಕೇಳುತ್ತಾರೆ. ಅಲ್ಲ. ಬಗ್ಗಿ ಎದ್ದು ಭಾರ ಹೊರುವುದು ಗಂಟನ್ನು ದಣಿಸುತ್ತದೆ. ನಮಗೆ ಬೇಕಿರುವುದು ಒಂದೇ ಸಮನೆ, ಮಾತಾಡುತ್ತಾ ನಡೆಯಬಹುದಾದಷ್ಟು ಸಲೀಸಾದ ನಡಿಗೆ. ಐದು ನಿಮಿಷದಿಂದ ಶುರು ಮಾಡಿ. ನಿಜವಾಗಿ ಐದೇ ನಿಮಿಷ. ವಾರಕ್ಕೆ ಒಂದೆರಡು ನಿಮಿಷ ಏರಿಸಿ, ಕೆಲವು ತಿಂಗಳಲ್ಲಿ ಅರ್ಧ ಗಂಟೆಗೆ ಮುಟ್ಟಿದರೆ ಸಾಕು. ಏರು, ಇಳುಕಲು ಬಿಟ್ಟು ಸಮ ಜಾಗ ಆರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ, ಕಾಲಿಟ್ಟರೆ ಪಾಚಿ. ಆಗ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ನಿಧಾನಕ್ಕೆ ಹತ್ತು ಸಲ ಮಾಡಿ, ತೊಡೆಗೆ ಬಲ ಬರುತ್ತದೆ. ನಡೆದ ಮರುದಿನ ಸ್ವಲ್ಪ ಜಾಸ್ತಿ ಸುಸ್ತಾದರೆ ಹೆದರಬೇಡಿ, ಎರಡು ದಿನವಾದರೂ ಇಳಿಯದಿದ್ದರೆ ಅಳತೆ ಜಾಸ್ತಿಯಾಯಿತು ಎಂದು ಲೆಕ್ಕ. ಗಂಟು ಬಿಸಿಯಾಗಿ ಬಾತಿರುವ ದಿನ ಆ ಗಂಟಿಗೆ ರಜೆ.

ನಿದ್ದೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಐದಾರು ಕಾಫಿ ಎರಡು ಮೂರಕ್ಕೆ ಇಳಿಯಲಿ, ಕೊನೆಯದು ಮಧ್ಯಾಹ್ನ ಮೂರರೊಳಗೆ. ಹಗಲು ಮಲಗುವುದಾದರೆ ಊಟದ ಮೇಲೆ ಅರ್ಧ ಗಂಟೆಯೊಳಗೆ ಏಳಿ. ರಾತ್ರಿ ನೋವಿನಿಂದ ಎಚ್ಚರವಾದರೆ, ಮುಟ್ಟು ನಿಲ್ಲುವ ವಯಸ್ಸಿನ ಬೆವರಿನಿಂದ ಎಚ್ಚರವಾದರೆ, ಅಥವಾ ನೀವು ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟುತ್ತೀರಿ ಎಂದು ಮನೆಯವರು ಹೇಳಿದರೆ, ಮೂರಕ್ಕೂ ಬೇರೆ ಬೇರೆ ಚಿಕಿತ್ಸೆ ಇದೆ. ಬರೀ ನಿದ್ದೆ ಮಾತ್ರೆ ಕೇಳಬೇಡಿ. ಮೈಯೆಲ್ಲ ನೋವು, ಮುಟ್ಟಿದರೂ ನೋವು, ಎಷ್ಟು ಮಲಗಿದರೂ ನಿದ್ದೆಯೇ ಆಗಿಲ್ಲ ಎನಿಸಿದರೆ ಫೈಬ್ರೋಮಯಾಲ್ಜಿಯಾ ಎಂಬ ಬೇರೆಯೇ ತೊಂದರೆ ಸೇರಿಕೊಂಡಿರಬಹುದು. ಅದಕ್ಕೆ ಸಂಧಿವಾತದ ಮಾತ್ರೆ ಏರಿಸಿ ಪ್ರಯೋಜನವಿಲ್ಲ.

ಮನಸ್ಸಿನ ಮಾತೂ ಕೇಳಲೇಬೇಕು. ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ಈಗ ಆಸಕ್ತಿ ಇಲ್ಲವಾ? ಸುಮ್ಮಸುಮ್ನೆ ಅಳು ಬರುತ್ತದೆಯಾ? ಆರು ವರ್ಷ ನೋವಿನ ಜೊತೆ ಬದುಕಿದವರಿಗೆ ಖಿನ್ನತೆ ಬರುವುದು ನಾಚಿಕೆಯ ವಿಷಯವಲ್ಲ. ಸುಸ್ತು ಖಿನ್ನತೆಯನ್ನು, ಖಿನ್ನತೆ ಸುಸ್ತನ್ನು ಹೆಚ್ಚಿಸುತ್ತಾ ಹೋಗುತ್ತವೆ. ನಿಮ್ಮ ವೈದ್ಯರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು "ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಎನ್ನುವ ಯಜಮಾನರು. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಅವರನ್ನೂ ಒಳಗೆ ಕರೆದುಕೊಂಡು ಹೋಗಿ, ಹೊರಗೆ ಬೆಂಚಿನ ಮೇಲೆ ಕೂರಿಸಬೇಡಿ. ನೋಟ್‌ಬುಕ್ ಅವರ ಕೈಗೇ ಕೊಡಿ. ಮನೆಯಲ್ಲಿ "ನಂಗಾಗಲ್ಲ" ಎನ್ನುವ ಬದಲು "ಇವತ್ತು ಎಂಟು" ಎಂದು ಅಂಕಿ ಹೇಳಿ ನೋಡಿ. ವಾದ ಕಡಿಮೆಯಾಗುತ್ತದೆ. ಎಂಟು ಅಂದ ದಿನ ಯಾರು ಕೊಟ್ಟಿಗೆಗೆ ಹೋಗಬೇಕು, ಯಾರು ಅನ್ನಕ್ಕೆ ಇಡಬೇಕು ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ.

ಒಂದು ಎಚ್ಚರಿಕೆ. ನೀವು ತಗೊಳ್ಳುವ ಮೆಥೋಟ್ರೆಕ್ಸೇಟ್ ರೋಗನಿರೋಧಕ ಶಕ್ತಿಯನ್ನು ಸ್ವಲ್ಪ ತಗ್ಗಿಸುತ್ತದೆ. ಸುಸ್ತಿನ ಜೊತೆ ಜ್ವರ ಬಂದರೆ "ಇದೂ ಅದೇ" ಎಂದು ಮನೆಯಲ್ಲಿ ಕೂರಬೇಡಿ. ನಮ್ಮ ಕಾಡಿನಂಚಿನ ಊರುಗಳಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಕಾಡಿಗೆ ದರಕು (ಒಣ ಎಲೆ) ತರಲು ಹೋದಾಗ ಅದನ್ನು ಹರಡುವ ಉಣುಗು ಕಚ್ಚಿದ್ದರೆ, ಹತ್ತಿರದಲ್ಲಿ ಮಂಗ ಸತ್ತಿದ್ದರೆ ಹೇಳಿ. ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ ಇಲಿಜ್ವರ. ವಾರಗಟ್ಟಲೆ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕ್ಷಯ ನೋಡಲೇಬೇಕು. ನಡೆದಾಡಿದರೆ ಉಸಿರು ಕಟ್ಟುವುದು, ಬಾಯಲ್ಲಿ ಹುಣ್ಣು, ಒಣ ಕೆಮ್ಮು ಹೊಸದಾಗಿ ಬಂದರೆ ಮೆಥೋಟ್ರೆಕ್ಸೇಟ್‌ನ ಅಡ್ಡಪರಿಣಾಮ ಇರಬಹುದು. ಮುಂದಿನ ಡೋಸ್ ತಗೊಳ್ಳುವ ಮುಂಚೆಯೇ ವೈದ್ಯರನ್ನು ಕೇಳಿ.

ಕೊನೆಗೆ ಮದುವೆ. ನಿಮ್ಮನ್ನು ಹಣಿಯುವುದು ಧಾರೆಯ ದಿನವಲ್ಲ, ಅದಕ್ಕೂ ಮುಂಚಿನ ತಿಂಗಳು. ಮನೆಮನೆಗೆ ಹೋಗಿ ಕರೆಯುವುದು, ಪ್ರತಿ ಮನೆಯಲ್ಲೂ ಕಾಫಿ, ಜೀಪಿನ ಕುಲುಕಾಟ. ದಿನಕ್ಕೆ ಇಷ್ಟೇ ಮನೆ ಎಂದು ಇಟ್ಟುಕೊಳ್ಳಿ, ದೂರದವರನ್ನು ಮಗನೋ ಮೈದುನನೋ ಕರೆದು ಬರಲಿ, ಉಳಿದವರಿಗೆ ಫೋನ್. ಚಪ್ಪರದ ಹಿಂದಿನ ದಿನ ಪೂರ್ತಿ ಖಾಲಿ ಇರಲಿ. ನೆಲದ ಮಣೆಯ ಮೇಲೆ ಕೂತು ಏಳುವುದು ಕಷ್ಟವಾದರೆ ಎತ್ತರದ ಮಣೆ ಬೇಕೆಂದು ಪುರೋಹಿತರಿಗೆ ಮೊದಲೇ ಹೇಳಿ, ಬೇಡ ಎನ್ನುವುದಿಲ್ಲ. "ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಿ, ಎದ್ದು ಓಡಾಡ್ತೀರಿ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಬೇಕೋ ಬೇಡವೋ ಎಂಬುದನ್ನು ಏಪ್ರಿಲ್‌ನಲ್ಲೇ ನಿಮ್ಮ ವೈದ್ಯರ ಜೊತೆ ಕೂತು ತೀರ್ಮಾನಿಸಿ, ಹಿಂದಿನ ದಿನ ಸಿಕ್ಕಸಿಕ್ಕಲ್ಲಿ ಹಾಕಿಸಿಕೊಳ್ಳಬೇಡಿ. ಮುಹೂರ್ತ ಭಾನುವಾರ ಅಥವಾ ಸೋಮವಾರ ಬಂದರೆ ಆ ವಾರದ ಮೆಥೋಟ್ರೆಕ್ಸೇಟ್ ಅನ್ನು ಮಂಗಳವಾರ ರಾತ್ರಿ ತಗೊಳ್ಳಬಹುದು. ಎರಡು ದಿನ ತಡವಾದರೆ ತೊಂದರೆಯಿಲ್ಲ. ಮುಂದಿನ ಡೋಸ್ ಎಂದಿನಂತೆ ಭಾನುವಾರವೇ. ಇದನ್ನೂ ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಒಂದು ಮಾತು ತಿಳಿಸಿಯೇ ಮಾಡಿ.